ಒಂದು ಶರಣಿನ ಬಾಕಿ

ನಮ್ಮ ಮುತ್ಯಾನ ದೆಸೆಯಿಂದ ಚಿಕ್ಕಂದಿನಲ್ಲಿ ನನಗೆ ತಪ್ಪಿದ ಬಸ್ಸುಗಳಿಗೆ ಲೆಕ್ಕವಿಲ್ಲ. ಕಲ್ಯಾಣಕ್ಕೆ ಹೊರಟು ನಮ್ಮೂರು ಮೋರಖಂಡಿಯ ರಸ್ತೆಗೆ ಬಂದು ನಿಂತರೆ ಯಾರಾದರೂ "ಶರಣ್ರಿ" ಅಂದೇ ಅನ್ನುವರು. ಮುತ್ಯಾ ಹೆಗಲ ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ "ಶರಣು ಶರಣಾರ್ಥಿ" ಅನ್ನುವನು. ಎದುರಿನವರೂ ಅದೇ ಕಾಲದ ಮುದುಕರಾದರೆ ಮುಗಿಯಿತು, ಅವರು ಇನ್ನೊಂದು ಸೇರಿಸುವರು. ಕಂಡಕ್ಟರ್ "ಬರ್ತೀ ಏನ್ ಮುತ್ಯಾ, ಇಲ್ಲಾ?" ಎಂದು ಕೂಗಿ, ಸೀಟಿ ಊದಿ ಹೋಗಿಬಿಡುವನು.

ಇದಕ್ಕೆಲ್ಲ ಮೂಲ ಹರಳಯ್ಯ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯ ಒಂದು ಶರಣು ಅಂದರೆ, ಬಿಜ್ಜಳನ ಮಂತ್ರಿ ಬಸವಣ್ಣ ಎರಡು ಶರಣು ತಿರುಗಿ ಕೊಟ್ಟನಂತೆ. ಆ ಹೆಚ್ಚಿನದರ ಭಾರ ತಾಳದೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲೇ ಪಾದರಕ್ಷೆ ಹೊಲಿದರೆಂಬ ಕಥೆ ನಮ್ಮ ಕಡೆ ಕೂಸುಗಳಿಗೂ ಗೊತ್ತು. "ಸಾಲ ಬ್ಯಾಂಕಿಂದರ ಇರ್ಲಿ," ಅನ್ನುವನು ಮುತ್ಯಾ, "ಶರಣಿಂದ್ ಇರಬಾರ್ದು."

ರಾಷ್ಟ್ರಕೂಟರ ಮುಮ್ಮಡಿ ಗೋವಿಂದ ತಾಮ್ರಶಾಸನ ಹೊರಡಿಸಿದ ಮಯೂರಖಂಡಿ ನಮ್ಮೂರೇ ಎನ್ನುವವರಿದ್ದಾರೆ. ಅಲ್ಲ, ಅದು ನಾಸಿಕದ ಕಡೆಯ ಗುಡ್ಡ ಎನ್ನುವವರೂ ಇದ್ದಾರೆ. ಸಾಲಿಯಲ್ಲಿ ಇದನ್ನು ಕೇಳಿ ಓಡಿಬಂದು ಮುತ್ಯಾನಿಗೆ ಹೇಳಿದೆ. "ರಾಜಾ ಇದ್ದಾನು ಬಿಡು. ಬಾವಿ ಹಗ್ಗ ಸುತ್ತಿ ಇಟ್ಟಿಯೇನು?" ಅಂದ.

ಮುತ್ಯಾನ ರಾಜ್ಯಭಾರವೆಲ್ಲ ಆ ಹಗ್ಗದ್ದೇ. ಪಂಚನೂ ಅಲ್ಲ, ಮೆಂಬರನೂ ಅಲ್ಲ. ನೀರು ಸೇದಿದ ಮೇಲೆ ಕಡೆಯ ಕೊಡ ದನದ ದೋಣಿಗೆ ಸುರಿದು, ಹಸಿ ಹಗ್ಗವನ್ನು ಮೊಳಕೈಗೂ ಹೆಬ್ಬೆರಳಿಗೂ ನಡುವೆ ಸುತ್ತುತ್ತ, ಸವೆದ ಕಡೆ ಬೆರಳಾಡಿಸಿ, ಬಿಸಿಲು ಬೀಳುವ ಗೂಟಕ್ಕೆ ಹಾಕುವನು. ಯಾರಿಗೂ ಹೀಗೆ ಮಾಡು ಅನ್ನಲಿಲ್ಲ (ನನಗೊಬ್ಬನಿಗೆ ಬಿಟ್ಟು, ಮೊಮ್ಮಗನ ಕರ್ಮ). ಅವನು ಜ್ವರದಿಂದ ಮಲಗಿದ ವಾರ ಬಾವಿಯ ಕಡೆ ನೋಡಲು ಹೋದೆ. ನಮ್ಮನ್ನೆಲ್ಲ ಹೊಡೆಯುವ ದಾಂಡಿಗ ಹುಡುಗನೊಬ್ಬ, ಸುತ್ತ ಯಾರೂ ಇಲ್ಲದಾಗ, ಹಗ್ಗವನ್ನು ಅದೇ ಗೂಟಕ್ಕೆ ಹಾಕುತ್ತಿದ್ದ. ನನ್ನನ್ನು ಕಂಡು ನಾಚಿ, ಕಲ್ಲು ತೋರಿಸಿ ಹೆದರಿಸಿದ.

ಈಗ ಮೋಟರ್ ಬಂದಿದೆ. ಗೂಟವಿದೆ, ಹಗ್ಗವಿಲ್ಲ.

ಹೋದ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಬಜ್ಜಿ, ಅಂಬಲಿ ಹೊಡೆದು, ಭಾರದ ಹೊಟ್ಟೆ ಹೊತ್ತು ಮೊಬೈಲ್ ನೋಡುತ್ತ ಬರುತ್ತಿದ್ದೆ. ಎದುರಿಗೆ ಬಂದ ಹುಡುಗನೊಬ್ಬ ಗಾಡಿ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, "ಶರಣ್ರಿ ಕಾಕಾ" ಅಂದ. ನಾನು ತಲೆ ಎತ್ತದೆ "ಹಾಂ" ಅಂದೆ. ಚೀಲ ಕೆಳಗಿಡುವುದು ನೆನಪಾಗಿ ತಿರುಗುವಷ್ಟರಲ್ಲಿ ಗಾಡಿ ಬಾವಿಯ ತಿರುವು ದಾಟಿತ್ತು. ಯಾರ ಮಗನೋ, ಕೇಳಲೂ ಇಲ್ಲ.