ಸತ್ತ ಸಿಗಡಿಗಳು ಎಚ್ಚರಿಸಿದ ನಾಡು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಿಂದ ಉತ್ತರಕ್ಕೆ ಹೊರಟು, ಹಿಲ್ಲೆರೋಡ್ ಪಟ್ಟಣದಲ್ಲಿ ರೈಲು ಬದಲಿಸಿದರೆ ಹಳಿಯ ಕೊನೆಗೆ ಸಿಗುವ ಊರು ಗಿಲ್ಲೆಲೈಯೆ. ಮೀನುದೋಣಿಗಳು ತಂಗುವ ಪುಟ್ಟ ಬಂದರು ಅದು. ಎದುರಿಗೆ ಕಟ್ಟೆಗಾಟ್ ಸಮುದ್ರ, ಅದರಾಚೆ ಸ್ವೀಡನ್ ದೇಶ.

೧೯೮೬ರ ಅಕ್ಟೋಬರ್‌ನಲ್ಲಿ ಇಲ್ಲಿನ ಮೀನುಗಾರರು ಬಲೆ ಎಳೆದಾಗ ಬಂದದ್ದು ಸತ್ತ ಲಾಬ್‌ಸ್ಟರ್‌ಗಳು, ಅಂದರೆ ದೊಡ್ಡ ಜಾತಿಯ ಸಿಗಡಿಗಳು. ಟಿ.ವಿ.ಯಲ್ಲಿ ಆ ದೃಶ್ಯ ಕಂಡು ಇಡೀ ದೇಶವೇ ಬೆಚ್ಚಿತು. ಕಡಲಿಗೆ ಯಾರೂ ವಿಷ ಹಾಕಿರಲಿಲ್ಲ. ಮುಖ್ಯ ಅಪರಾಧಿ ಹೊಲಕ್ಕೆ ಹಾಕಿದ ಗೊಬ್ಬರ!

ಡೆನ್ಮಾರ್ಕ್ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದು. ಅದರ ನೆಲದಲ್ಲಿ ಸುಮಾರು ಶೇ. ೬೦ರಷ್ಟು ಕೃಷಿಭೂಮಿ. ಜನರಿಗಿಂತ ಹಂದಿಗಳ ಸಂಖ್ಯೆಯೇ ಹೆಚ್ಚು. ರಾಸಾಯನಿಕ ಗೊಬ್ಬರದ ಜೊತೆಗೆ ಹಂದಿ, ದನಗಳ ಗೊಬ್ಬರವೂ ಹೊಲ ಸೇರುತ್ತದೆ. ಬೆಳೆ ಹೀರದೆ ಉಳಿದ ಸಾರಜನಕ ನೈಟ್ರೇಟ್ ಆಗುತ್ತದೆ. ಮಣ್ಣಿನ ಕಣಗಳು ಅದನ್ನು ಹಿಡಿದಿಡಲಾರವು. ಮಳೆ ಬಂದೊಡನೆ ಅದು ನೀರಿನೊಂದಿಗೆ ಹಳ್ಳ ಸೇರಿ, ಕಡಲಿಗಿಳಿಯುತ್ತದೆ.

ಕಡಲಿನಲ್ಲಿ ಆ ಗೊಬ್ಬರ ಸೂಕ್ಷ್ಮ ಪಾಚಿಗೆ ಸುಗ್ಗಿ. ಬೆಳೆದ ಪಾಚಿ ಸತ್ತು ತಳಕ್ಕಿಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಯಿಸುತ್ತ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಕಟ್ಟೆಗಾಟ್‌ನಲ್ಲಿ ಉಪ್ಪು ಕಡಿಮೆಯಿರುವ ಹಗುರ ನೀರು ಮೇಲೆ, ಹೆಚ್ಚು ಉಪ್ಪಿನ ಭಾರ ನೀರು ಕೆಳಗೆ. ಇವೆರಡೂ ಸುಲಭವಾಗಿ ಬೆರೆಯದ ಕಾರಣ ಮೇಲಿನ ಆಮ್ಲಜನಕ ತಳ ತಲುಪುವುದಿಲ್ಲ. ತಳದ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ.

ಸಾರಜನಕದ ಸೋರಿಕೆಯನ್ನು ಅರ್ಧಕ್ಕಿಳಿಸುವ ಯೋಜನೆಯನ್ನು ಸರ್ಕಾರ ೧೯೮೭ರಲ್ಲಿ ಹಾಕಿಕೊಂಡಿತು. ಆಗಿನಿಂದ ಹಂತಹಂತವಾಗಿ ನಿಯಮಗಳು ಬಿಗಿಯಾದವು. ರೈತರು ಹಾಕಿದ ಗೊಬ್ಬರಕ್ಕೆಲ್ಲ ಲೆಕ್ಕ ಕೊಡಬೇಕಾಯಿತು. ಬೆಳೆಯಿಲ್ಲದ ಕಾಲದಲ್ಲಿ ಹೊಲಕ್ಕೆ ಸುರಿಯದಂತೆ, ಕೊಟ್ಟಿಗೆಯ ಗೊಬ್ಬರವನ್ನು ಸಾಮಾನ್ಯವಾಗಿ ೯ ತಿಂಗಳು ಕೂಡಿಡುವಷ್ಟು ದೊಡ್ಡ ತೊಟ್ಟಿಗಳು ಬಂದವು. ಕೊಯ್ಲಾದ ಹೊಲವನ್ನು ಬರಿದಾಗಿ ಬಿಡದೆ ಸಾಸಿವೆ, ಮೂಲಂಗಿ ಜಾತಿಯ ಬೆಳೆ ಬಿತ್ತುವುದೂ ರೂಢಿಯಾಯಿತು. ಉಳಿದ ಸಾರಜನಕವನ್ನು ಇವು ಹೀರಿಕೊಳ್ಳುತ್ತವೆ. ಮುಂದೆ ಮಣ್ಣಿಗೆ ಸೇರಿಸಿದರೆ ಅದೇ ಗೊಬ್ಬರ.

೧೯೯೩ರೊಳಗೆ ಮುಟ್ಟಬೇಕೆಂದಿದ್ದ ಗುರಿಯನ್ನು ಬಹುಮಟ್ಟಿಗೆ ಮುಟ್ಟಿದ್ದು ೨೦೦೩ರ ಹೊತ್ತಿಗೆ! ಆದರೂ ಕಥೆ ಮುಗಿದಿಲ್ಲ. ಬೇಸಿಗೆಯ ಕೊನೆಗೆ ಡೆನ್ಮಾರ್ಕಿನ ಒಳಕಡಲುಗಳಲ್ಲಿ ಇಂದಿಗೂ ಆಮ್ಲಜನಕದ ಕೊರತೆ ಕಾಡುತ್ತದೆ. ದೇಶದ ಸುಮಾರು ಶೇ. ೧೦ರಷ್ಟು ನೆಲವನ್ನು ಕಾಡಿಗೂ ನಿಸರ್ಗಕ್ಕೂ ಬಿಟ್ಟುಕೊಡುವ ಒಪ್ಪಂದಕ್ಕೆ ಅಲ್ಲಿನ ರಾಜಕೀಯ ಪಕ್ಷಗಳು ೨೦೨೪ರ ನವೆಂಬರ್‌ನಲ್ಲಿ ಬಂದವು.

ಒಂದು ಹಿಡಿ ಗೊಬ್ಬರ ಬೆಳೆಯ ಬಾಯಿಗೆ ಸಿಕ್ಕರೆ ಅನ್ನ, ತಪ್ಪಿ ನೀರಿಗೆ ಬಿದ್ದರೆ ಹೊರೆ. ಬಿದ್ದದ್ದನ್ನು ಮರಳಿ ತೆಗೆಯುವುದು ಎಷ್ಟು ನಿಧಾನದ ಕೆಲಸವೆಂಬುದನ್ನು ಗಿಲ್ಲೆಲೈಯೆಯ ಕಡಲು ಸುಮಾರು ನಾಲ್ಕು ದಶಕಗಳಿಂದ ಹೇಳುತ್ತಲೇ ಇದೆ.