ಏನೂ ಬಾರದ ಆಳ

1965ರ ಏಪ್ರಿಲ್. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್. ತಲೆಗೆ ದೀಪದ ಟೋಪಿ ಹಾಕಿಕೊಂಡು, ಪಾಳಿಗೆ ಹೊರಟ ಕಾರ್ಮಿಕರ ಜೊತೆ ಕೇಜಿನಲ್ಲಿ ಒತ್ತಿಕೊಂಡು ನಿಂತಿದ್ದೀರಿ. ಕೇಜು ಇಳಿಯುತ್ತಲೇ ಇದೆ, ಕಿವಿ ಗುಂಯ್ ಎನ್ನುತ್ತಿದೆ. ನಮ್ಮ ರಾಯಚೂರು ಸೀಮೆಯ ಹಟ್ಟಿ ಗಣಿ ಕಂಡವರಿಗೂ ಈ ಆಳ ಹೊಸದು: 2.3 ಕಿಲೋಮೀಟರ್. ಹೊರಗೆ ಕಾಲಿಟ್ಟರೆ ಬಂಡೆಯ ಕಾವು ಮುಖಕ್ಕೆ ಹೊಡೆಯುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ.

ಆಕಾಶದಿಂದ ಬೀಳುವ ಮ್ಯುಯಾನ್ ಕಣಗಳನ್ನು ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದಿಂದಲೇ ಈ ಗಣಿಯಲ್ಲಿ ಎಣಿಸುತ್ತ ಬಂದವರು. ಕೆಳಗಿಳಿದಷ್ಟೂ ಎಣಿಕೆ ಇಳಿಯಿತು. ಆಮೇಲೆ ಇನ್ನೂ ಆಳದ ಒಂದು ಹಂತದಲ್ಲಿ ಯಂತ್ರವಿಟ್ಟು ಎರಡು ತಿಂಗಳು ಕಾದರೆ ಒಂದೇ ಒಂದು ಕಣವೂ ಬರಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೊ. ಇವರು ಅದೇ ಗಣಿಯಲ್ಲಿ ನ್ಯೂಟ್ರಿನೊ ಎಂಬ ಕಣವನ್ನು ಹುಡುಕುವ ಯೋಜನೆ ಹೂಡಿದರು. ಬಂಡೆಯನ್ನೂ ಭೂಮಿಯನ್ನೂ ತೂರಿ ಬರಬಲ್ಲದ್ದು ನ್ಯೂಟ್ರಿನೊ ಮಾತ್ರ. ಗದ್ದಲವೇ ಇಲ್ಲದ ಕಡೆ ಅದರ ಸುಳಿವು ಹತ್ತಬಹುದು. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಎರಡು ಖಾಲಿ ತಿಂಗಳು.

ಸುರಂಗದೊಳಗೆ ನಿಮ್ಮೆದುರು ಎರಡು ಗೋಡೆ ಎದುರುಬದುರು ನಿಂತಿವೆ. ಕಣ ತಾಗಿದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳ ಗೋಡೆಗಳು. ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಹಲಗೆಗಳನ್ನು ಮಲಗಿಸದೆ ನಿಲ್ಲಿಸಿದ್ದು ಯಾಕೆ? ಮೇಲಿನ ಮ್ಯುಯಾನ್ ಇಷ್ಟು ಆಳ ಮುಟ್ಟಬೇಕಾದರೆ ಹೆಚ್ಚುಕಡಿಮೆ ನೆಟ್ಟಗೇ ಇಳಿಯಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಹೆಚ್ಚಾಗಿ ದಾರಿಯಲ್ಲೇ ಮುಗಿಯುತ್ತದೆ. ನ್ಯೂಟ್ರಿನೊ ಮಾತ್ರ ಪಕ್ಕದ ಬಂಡೆಗೆ ಬಡಿದು ಅಡ್ಡಡ್ಡ ಹಾಯುವ ಮ್ಯುಯಾನನ್ನು ಹುಟ್ಟಿಸಬಲ್ಲದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಸೇರಿ ಕಟ್ಟಿದ ಬಲೆ ಇದು. ಎಂ.ಜಿ.ಕೆ. ಮೆನನ್, ಸಬುರೊ ಮಿಯಾಕೆ, ಆರ್ನಲ್ಡ್ ವುಲ್ಫೆಂಡೇಲ್ ಈ ತಂಡದಲ್ಲಿದ್ದಾರೆ.

ದೂರದಲ್ಲೆಲ್ಲೋ ಬಂಡೆ ಸಿಡಿದ ಸದ್ದು. ನೀವು ಬೆಚ್ಚಿಬೀಳುತ್ತೀರಿ. ಪಕ್ಕದಲ್ಲಿದ್ದವರು ಫಿಲ್ಮಿನಿಂದ ಕಣ್ಣು ತೆಗೆಯುವುದಿಲ್ಲ. ಎರಡೂ ಗೋಡೆ ಒಟ್ಟಿಗೆ ಮಿನುಗಿವೆ, ಕೊಳವೆಗಳಿಗೆ ವಿದ್ಯುತ್ತು ಹರಿದಿದೆ, ಕ್ಯಾಮೆರಾ ಚಿತ್ರ ಹಿಡಿದಿದೆ. ಹೊತ್ತಿಕೊಂಡ ಕೊಳವೆಗಳನ್ನು ಒಂದೊಂದಾಗಿ ಗುರುತಿಸಿ ಗೆರೆ ಎಳೆಯುತ್ತಾರೆ, ಕೋನ ಅಳೆಯುತ್ತಾರೆ. ಮೇಲಿನಿಂದ ಇಳಿದದ್ದಲ್ಲ, ಪಕ್ಕದಿಂದ ಬಂದದ್ದು.

ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಈ ಫಲಿತಾಂಶ ಅಚ್ಚಾಗುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ನ್ಯೂಟ್ರಿನೊವನ್ನೇ ಹುಡುಕುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಅದೇ ತಿಂಗಳ ಕೊನೆಗೆ ಬರುತ್ತದೆ.