ನಾವು ನೋಡಿದ ‘ಗಂಧದ ಗುಡಿ’

ನಮ್ಮ ಬಾಗಲೂರಿನ ಕಡೆ ಸಿನಿಮಾ ಎಂದರೆ ಮೂರು ಭಾಷೆಗಳ ವ್ಯವಹಾರ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತೇವೆ, ಅಂಗಡಿಗೆ ಹೋದರೆ ತಮಿಳು. ಚಿತ್ರ ಯಾವ ಭಾಷೆಯದಾದರೂ ನಮಗೆ ಬೇಸರವಿಲ್ಲ, ಒಂದೆರಡು ಹೊಡೆದಾಟಗಳಿದ್ದರೆ ಆಯಿತು. ಆದ್ದರಿಂದ 1973ರ ‘ಗಂಧದ ಗುಡಿ’ಯನ್ನು ಶಾಲೆಯಲ್ಲೇ ತೋರಿಸುತ್ತೇನೆಂದು ಕನ್ನಡದ ಸಾರ್ ಹೇಳಿದಾಗ ನಮ್ಮ ತರಗತಿಯಲ್ಲಿ ಅಂಥ ಉತ್ಸಾಹವೇನೂ ಉಕ್ಕಲಿಲ್ಲ. ನಮ್ಮ ತಂದೆತಾಯಿಯರಲ್ಲಿ ಅನೇಕರು ಹುಟ್ಟುವುದಕ್ಕೂ ಮೊದಲು ಬಂದ ಚಿತ್ರವದು!

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಧ್ಯಾಹ್ನ ಕಿಟಕಿಗಳಿಗೆ ಹಳೆಯ ಹೊದಿಕೆಗಳನ್ನು ಕಟ್ಟಿ ಕೋಣೆಯನ್ನು ಕತ್ತಲು ಮಾಡಿದೆವು. ಸುಣ್ಣ ಬಳಿದ ಗೋಡೆಯೇ ನಮ್ಮ ಬೆಳ್ಳಿತೆರೆ. ಮಧ್ಯಾಹ್ನದ ಊಟ ಬಡಿಸುವ ಅಮ್ಮನವರೂ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ಹಿಂದೆ ಕುಳಿತರು. ಮೊದಲ ಹತ್ತು ನಿಮಿಷ ಪಿಸುಮಾತು, ನಗು ಎಲ್ಲ ಇತ್ತು. ಅರಣ್ಯಾಧಿಕಾರಿಯಾಗಿ ಡಾ. ರಾಜ್‌ಕುಮಾರ್ ಕಾಡಿನ ದಾರಿಯಲ್ಲಿ ಬಂದರು, ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ ಆ ಪ್ರಸಿದ್ಧ ಹಾಡು ಶುರುವಾಯಿತು. ಕೋಣೆ ತಾನಾಗಿಯೇ ನಿಶ್ಶಬ್ದವಾಯಿತು. ಈ ಹಾಡನ್ನು ನಾವು ಎಷ್ಟೋ ಸಲ ಕೇಳಿದ್ದೆವು, ಅದರೊಳಗಿನ ಕಾಡನ್ನು ಮಾತ್ರ ಕಂಡಿರಲಿಲ್ಲ. (ಹಾಡಿದವರು ಕಾಕಿನಾಡದಲ್ಲಿ ಹುಟ್ಟಿದ ತೆಲುಗರು ಎಂದು ಸಾರ್ ಆಮೇಲೆ ಹೇಳಿದಾಗ ನಮ್ಮಲ್ಲಿ ಮನೆಮಾತು ತೆಲುಗಾದವರು ಎದೆಯುಬ್ಬಿಸಿದ್ದನ್ನು ನೋಡಬೇಕಿತ್ತು!)

ಕಥೆಯನ್ನೆಲ್ಲ ಇಲ್ಲಿ ಹೇಳುವುದಿಲ್ಲ, ನೋಡದವರು ನೋಡಲಿ. ಶ್ರೀಗಂಧದ ಕಳ್ಳಸಾಗಣೆ, ಅದನ್ನು ತಡೆಯಲು ಹೊರಟ ಪ್ರಾಮಾಣಿಕ ಅಧಿಕಾರಿ, ಎಳವೆಯಲ್ಲೇ ಅಗಲಿ ಎದುರಾಳಿಗಳಾಗಿ ಸಂಧಿಸುವ ಅಣ್ಣತಮ್ಮಂದಿರು, ಇಷ್ಟು ಸಾಕು. ತಮ್ಮನ ಪಾತ್ರದಲ್ಲಿ ವಿಷ್ಣುವರ್ಧನ್. ನಿರ್ದೇಶಕರು ವಿಜಯ್. ಚಿತ್ರ ತೆಗೆದವರು ಎಂ.ಪಿ. ಶಂಕರ್, ಮೈಸೂರಿನಲ್ಲಿ ಕುಸ್ತಿ ಮಾಡಿದ ಈ ಪೈಲ್ವಾನರೇ ಕಾಡುಪ್ರಾಣಿಗಳ ಮೇಲಿನ ಪ್ರೀತಿಯಿಂದ ಹಣ ಹಾಕಿದರಂತೆ. ಹೊಡೆದಾಟಗಳು ಇಂದಿನ ಕಣ್ಣಿಗೆ ಸ್ವಲ್ಪ ನಿಧಾನ ಎನ್ನಿಸಿದವು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಂದು ಸಂಜೆ ನಮ್ಮ ಮನೆಗಳಲ್ಲಿ ಇದೇ ಮಾತು. ನಮ್ಮಲ್ಲೊಬ್ಬಳ ಅಜ್ಜಿ, “ಇದೇನು ಹೊಸ ಕತೆ? ಇದು ನಮ್ಮ ಎನ್.ಟಿ. ರಾಮರಾವ್ ಅವರ ‘ಅಡವಿ ರಾಮುಡು’ ಅಲ್ಲವೇನೆ?” ಎಂದು ವಾದಕ್ಕೆ ನಿಂತರು. ‘ಅಡವಿ ರಾಮುಡು’ ಬಂದದ್ದು 1977ರಲ್ಲಿ, ಅದಕ್ಕೆ ಪ್ರೇರಣೆಯೇ ಕನ್ನಡದ ಚಿತ್ರ ಎಂದು ಮೊಮ್ಮಗಳು ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಇನ್ನೊಬ್ಬನ ತಂದೆ ಬೇರೆಯೇ ವಿಷಯ ತೆಗೆದರು. ತೆರೆಯ ಮೇಲೆ ಗಂಧದ ಕಳ್ಳರನ್ನು ಹಿಡಿದ ಅದೇ ರಾಜ್‌ಕುಮಾರ್ ಅವರನ್ನು 2000ದ ಜುಲೈ 30ರಂದು ಗಂಧದ ಕಳ್ಳ ವೀರಪ್ಪನ್ ಗಾಜನೂರಿನಿಂದ ಹೊತ್ತೊಯ್ದ. 108 ದಿನಗಳ ಮೇಲೆ, ನವೆಂಬರ್ 15ರಂದು ಅವರ ಬಿಡುಗಡೆ. ಆ ದಿನಗಳಲ್ಲಿ ಗಡಿ ದಾಟುವುದೆಂದರೆ ನಮ್ಮ ಹಿರಿಯರಿಗೆ ಎದೆ ನಡುಕವಾಗಿತ್ತಂತೆ. ಗಾಜನೂರು ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿದೆವು. ಅದು ಈರೋಡ್ ಜಿಲ್ಲೆಯ ತಾಳವಾಡಿಯ ಬಳಿ ಇದೆ! ಕನ್ನಡಿಗರ ವರನಟ ಹುಟ್ಟಿದ್ದು ನಮ್ಮ ಹಾಗೆಯೇ ತಮಿಳುನಾಡಿನ ಗಡಿಯಲ್ಲಿರುವ, ಕನ್ನಡ ಮಾತಾಡುವ ಒಂದು ಹಳ್ಳಿಯಲ್ಲಿ. ಗಡಿಯ ಈಚೆ ಕುಳಿತು ಕನ್ನಡ ಓದುವವರನ್ನು ಕಂಡು “ಏನು ಪ್ರಯೋಜನ?” ಎಂದು ಕೇಳುವ ನೆಂಟರು ನಮ್ಮೆಲ್ಲರ ಮನೆಗೂ ಬರುತ್ತಾರೆ. ಅವರಿಗೆ ಹೇಳಲು ಈಗ ನಮಗೊಂದು ಮಾತು ಸಿಕ್ಕಿದೆ.

ಆದರೆ ನಿಜವಾದ ಚರ್ಚೆ ನಡೆದದ್ದು ಮರುದಿನ ತರಗತಿಯಲ್ಲಿ. ತೆರೆಯ ಮೇಲೆ ಆನೆ ಬಂದಾಗಲೆಲ್ಲ ನಾವು ಚಪ್ಪಾಳೆ ತಟ್ಟಿದ್ದೆವು. ಒಬ್ಬ ಮಾತ್ರ ತಟ್ಟಿರಲಿಲ್ಲ. ಅವನು ಸಾನಮಾವು ಕಾಡಿನ ಅಂಚಿನ ಹಳ್ಳಿಯವನು, ಸೋದರಮಾವನ ಮನೆಯಲ್ಲಿದ್ದು ಓದುತ್ತಾನೆ. ಪ್ರತಿ ವರ್ಷ ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡು ಹೊರಟು, ಜವಳಗಿರಿ, ದೇಂಕಣಿಕೋಟೆ ಕಾಡುಗಳನ್ನು ಹಾದು ಸಾನಮಾವಿನವರೆಗೂ ಬರುತ್ತದೆ. ಆನೆಗೆ ರಾಜ್ಯದ ಗಡಿ ತಿಳಿಯದು. ಅವನ ಅಪ್ಪ ಆ ರಾತ್ರಿಗಳನ್ನೆಲ್ಲ ಹೊಲದ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಇಟ್ಟುಕೊಂಡು ಕಳೆಯುತ್ತಾರೆ.

ಅವನು ಎದ್ದು ನಿಂತು ಕೇಳಿದ: “ಸಾರ್, ಚಿತ್ರದಲ್ಲಿ ಕಾಡನ್ನು ಕದಿಯೋರು ಇದ್ದಾರೆ, ಕಾಯೋರು ಇದ್ದಾರೆ. ಕಾಡಿನ ಪಕ್ಕದಲ್ಲಿ ರಾಗಿ ಬೆಳೆಯೋರು ಯಾವ ಕಡೆ ಸಾರ್?”

ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸಾರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಗಂಧದ ಮರದ ವಿಷಯ ಹೇಳಿದರು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ರೈತನ ಹೊಲದಲ್ಲೇ ಹುಟ್ಟಿದ ಗಂಧದ ಗಿಡವೂ ರೈತನದಲ್ಲ, ಸರ್ಕಾರದ್ದು. ಕರ್ನಾಟಕದಲ್ಲಿ ಈ ಕಾನೂನು ಬದಲಾದದ್ದು 2001ರಲ್ಲಿ. ತನ್ನದಲ್ಲದ ಗಿಡವನ್ನು ಯಾವ ರೈತ ಪ್ರೀತಿಯಿಂದ ಬೆಳೆಸುತ್ತಾನೆ? ಆನೆಯ ಮಾತೂ ಹಾಗೆಯೇ ಎಂದು ನಮ್ಮಲ್ಲಿ ಕೆಲವರು ಅಂದೆವು: ತಿಂದ ರಾಗಿಗೆ ಬೇಗ ಪರಿಹಾರ ಬಂದರೆ ರೈತನೇ ಕಾವಲುಗಾರನಾದಾನು. ಇನ್ನು ಕೆಲವರು, ಆನೆ ನಡೆಯುತ್ತಿದ್ದ ದಾರಿಯಲ್ಲಿ ಈಗ ನಾವೇ ಬಡಾವಣೆ ಕಟ್ಟಿ, ರಸ್ತೆ ಹಾಕಿ ಕುಳಿತಿದ್ದೇವಲ್ಲ, ಅದರದೇನು ತಪ್ಪು ಎಂದೆವು. ಅವನು ಎರಡನ್ನೂ ಕೇಳಿಸಿಕೊಂಡ. ಆನೆಯ ಮೇಲೆ ತನಗೆ ಕೋಪವಿಲ್ಲ, ಅಪ್ಪ ರಾತ್ರಿ ಮಲಗಿದರೆ ಸಾಕು ಎಂದ.

ಗಂಟೆ ಬಾರಿಸಿತು. ಮುಂದಿನ ಚಿತ್ರ ಯಾವಾಗ ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ಮುಂದಿನ ವಾರವೇ ಆಗಲಿ ಎಂದರು ಸಾರ್. ಅಷ್ಟರಲ್ಲಿ ಅವನೇ, “ರಾಗಿ ಕಣಕ್ಕೆ ಬಂದ ಮೇಲೆ ಇಟ್ಟುಕೊಳ್ಳಿ ಸಾರ್, ನಮ್ಮಪ್ಪನ್ನೂ ಕರೆದುಕೊಂಡು ಬರ್ತೀನಿ” ಎಂದ. ಸಾರ್ ದಿನವನ್ನು ಮುಂದಕ್ಕೆ ಹಾಕಿದರು.